ಅಮೆರಿಕದ ಜನಗಣತಿಯಲ್ಲಿ ವಲಸಿಗರ ಎಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಜನಗಣತಿ ಸುದ್ದಿಗೆ ಬಂದಾಗಲೆಲ್ಲ ಮೂರು ಬೇರೆ ಬೇರೆ ತಕರಾರುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ವಲಸಿಗರನ್ನು ಎಣಿಸಬೇಕೇ ಬೇಡವೇ ಎಂಬುದು ಮೊದಲನೆಯದು. ಎಣಿಸುವಾಗ ‘ನೀವು ಈ ದೇಶದ ಪ್ರಜೆಯೇ’ ಎಂದು ಕೇಳಬೇಕೇ ಎಂಬುದು ಎರಡನೆಯದು. ಎಣಿಸಿ ಬಂದ ಸಂಖ್ಯೆಯಿಂದ ರಾಜ್ಯಗಳಿಗೆ ಸೀಟು ಹಂಚುವಾಗ ಕೆಲವರನ್ನು ಕಳೆಯಬೇಕೇ ಎಂಬುದು ಮೂರನೆಯದು. ಮೂರಕ್ಕೂ ಕಾನೂನು ಬೇರೆ, ಕೋರ್ಟಿನ ತೀರ್ಪು ಬೇರೆ, ಆಗುವ ಪರಿಣಾಮವೂ ಬೇರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ, ಇಲ್ಲಿಂದ ಆ ಸುದ್ದಿ ಓದುವವರಿಗೂ ಈ ಮೂರನ್ನು ಬಿಡಿಸಿ ನೋಡಲು ಅನುಕೂಲವಾಗಲಿ ಎಂದು ಈ ಪುಟ.

ಪ್ರಜೆಗಳಲ್ಲದವರನ್ನೂ ಎಣಿಸಬೇಕೆಂದು ಸಂವಿಧಾನದಲ್ಲಿ ಇದೆಯೇ?

1868ರಲ್ಲಿ ಬಂದ 14ನೇ ತಿದ್ದುಪಡಿಯ 2ನೇ ವಿಭಾಗದಲ್ಲಿ ಇರುವುದು ಇಷ್ಟು: ಪ್ರತಿ ರಾಜ್ಯದಲ್ಲಿರುವ ಒಟ್ಟು ‘ವ್ಯಕ್ತಿಗಳ’ ಸಂಖ್ಯೆಯ ಪ್ರಕಾರ ಸಂಸತ್ತಿನ ಕೆಳಮನೆಯ (ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್) ಸೀಟು ಹಂಚಬೇಕು, ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಮಾತ್ರ ಬಿಡಬೇಕು. ‘ಪ್ರಜೆ’ ಎಂಬ ಪದ ಆ ಎಣಿಕೆಯ ಸಾಲಿನಲ್ಲಿ ಇಲ್ಲ. ಅದೇ ತಿದ್ದುಪಡಿಯ ಬೇರೆ ಸಾಲುಗಳಲ್ಲಿ ‘ಪ್ರಜೆ’ ಎಂಬ ಪದ ಇದೆ. ಅಂದರೆ ಬರೆದವರಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮತದಾರರನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ ಎಂಬ ಸಲಹೆ ಆಗಿನ ಕಾಂಗ್ರೆಸ್ಸಿನಲ್ಲಿ (ಅಮೆರಿಕದ ಸಂಸತ್ತಿನಲ್ಲಿ) ಬಂದು, ಚರ್ಚೆಯಾಗಿ, ಬಿದ್ದುಹೋಯಿತು.

ಅದಕ್ಕೂ ಮುಂಚಿನ ಮೂಲ ಪಠ್ಯದಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲು ಮಾತ್ರ ಲೆಕ್ಕಕ್ಕೆ ಹಿಡಿಯುವ ನಿಯಮವಿತ್ತು. 1790ರ ಮೊದಲ ಗಣತಿ ನಡೆದದ್ದು ಆ ನಿಯಮದ ಮೇಲೆ. 14ನೇ ತಿದ್ದುಪಡಿಯಲ್ಲಿ ‘ಇಡೀ ಸಂಖ್ಯೆ’ ಎಂದು ಒತ್ತಿ ಬರೆದದ್ದೇ ಆ ಅನ್ಯಾಯವನ್ನು ಅಳಿಸಲು. ಇವತ್ತಿನ ಜಗಳವನ್ನು ಆ ಹಿನ್ನೆಲೆ ಬಿಟ್ಟು ಓದಬಾರದು.

ಒಂದು ಎಣಿಕೆಗೆ ಇಷ್ಟು ರಾಜಕೀಯ ಏಕೆ?

ಕೆಳಮನೆಯಲ್ಲಿ 435 ಸೀಟು. ಈ ಸಂಖ್ಯೆ 1929ರ ಕಾಯ್ದೆಯಿಂದ ಬಿಗಿಯಾಗಿದೆ. ಒಂದು ರಾಜ್ಯಕ್ಕೆ ಹೆಚ್ಚಾದರೆ ಇನ್ನೊಂದಕ್ಕೆ ಕಡಿಮೆಯಾಗಲೇಬೇಕು. ಅಧ್ಯಕ್ಷರ ಚುನಾವಣೆಯ 538 ಎಲೆಕ್ಟೋರಲ್ ಮತಗಳೂ ಇದರ ಮೇಲೆ ನಿಂತಿವೆ. ಒಂದು ರಾಜ್ಯದ ಕೆಳಮನೆ ಸೀಟುಗಳಿಗೆ ಎರಡು ಸೆನೆಟ್ (ಮೇಲ್ಮನೆ) ಸ್ಥಾನ ಕೂಡಿಸಿದರೆ ಅದರ ಎಲೆಕ್ಟೋರಲ್ ಮತ ಸಿಗುತ್ತದೆ.

2020ರ ಗಣತಿಯ ನಂತರ ಟೆಕ್ಸಸ್‌ಗೆ 2 ಸೀಟು ಹೆಚ್ಚಿತು. ಫ್ಲಾರಿಡಾ, ಕೊಲರಾಡೊ, ಮೊಂಟಾನಾ, ನಾರ್ತ್ ಕೆರೊಲಿನಾ, ಆರೆಗಾನ್‌ಗಳಿಗೆ ತಲಾ ಒಂದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ ತಲಾ ಒಂದು ಕಳೆದುಕೊಂಡವು. ಕ್ಯಾಲಿಫೋರ್ನಿಯಾ ಸೀಟು ಕಳೆದುಕೊಂಡದ್ದು ಅದರ ಇತಿಹಾಸದಲ್ಲೇ ಮೊದಲ ಸಲ.

ಸೀಟು ಹಂಚುವ ಲೆಕ್ಕ ಹೇಗೆ?

ಮೊದಲು 50 ರಾಜ್ಯಗಳಿಗೂ ಒಂದೊಂದು ಸೀಟು. ಉಳಿದ 385 ಸೀಟುಗಳನ್ನು ಸರದಿಯ ಮೇಲೆ, ಒಂದೊಂದಾಗಿ ಕೊಡುತ್ತಾರೆ. ಸರದಿ ಗೊತ್ತುಮಾಡಲು ಒಂದು ‘ಆದ್ಯತಾ ಸಂಖ್ಯೆ’ ಇದೆ. ರಾಜ್ಯದ ಕೈಯಲ್ಲಿ ಈಗ ಎಷ್ಟು ಸೀಟಿದೆಯೋ ಅದನ್ನು ಮುಂದಿನ ಸೀಟಿನ ಸಂಖ್ಯೆಯಿಂದ ಗುಣಿಸಿ, ಬಂದದ್ದರ ವರ್ಗಮೂಲ ತೆಗೆದು, ಅದರಿಂದ ಜನಸಂಖ್ಯೆಯನ್ನು ಭಾಗಿಸಬೇಕು. ಯಾರದ್ದು ದೊಡ್ಡದೋ ಅವರಿಗೆ ಮುಂದಿನ ಸೀಟು. 1941ರಿಂದ ಕಾನೂನಿನಲ್ಲಿರುವ ವಿಧಾನ ಇದೇ.

2020ರ ಕೊನೆಯ ಸೀಟನ್ನು, ಅಂದರೆ 435ನೆಯದನ್ನು, ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ಮಿನೆಸೋಟದ ಜನಸಂಖ್ಯೆ 57,09,752. ಅದು 8ನೇ ಸೀಟಿಗೆ ನಿಂತಿತ್ತು. 7 ಗುಣಿಸು 8 ಅಂದರೆ 56, ವರ್ಗಮೂಲ ಸುಮಾರು 7.483. ಭಾಗಿಸಿದರೆ ಸುಮಾರು 7,62,998. ನ್ಯೂಯಾರ್ಕ್‌ನ ಜನಸಂಖ್ಯೆ 2,02,15,751. ಅದು 27ನೇ ಸೀಟಿಗೆ ನಿಂತಿತ್ತು. 26 ಗುಣಿಸು 27 ಅಂದರೆ 702, ವರ್ಗಮೂಲ ಸುಮಾರು 26.495. ಭಾಗಿಸಿದರೆ ಸುಮಾರು 7,62,994. ಸೀಟು ಮಿನೆಸೋಟಕ್ಕೆ ಹೋಯಿತು. ನ್ಯೂಯಾರ್ಕ್‌ನಲ್ಲಿ ಇನ್ನು 89 ಜನ ಹೆಚ್ಚು ಎಣಿಕೆಯಾಗಿದ್ದರೆ ಅದು ನ್ಯೂಯಾರ್ಕ್‌ನದಾಗುತ್ತಿತ್ತು. ಎರಡು ಕೋಟಿ ಜನರ ರಾಜ್ಯದಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡದಷ್ಟು ಜನ! ಬಾಗಿಲು ತೆರೆಯಲು ಹೆದರಿದ ಒಂದೊಂದು ಮನೆಗೂ ಇಲ್ಲಿ ಎಷ್ಟು ಬೆಲೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಒಂದು ಸೂಕ್ಷ್ಮ: ಹಂಚಿಕೆಗೆ ಬಳಸುವ ಸಂಖ್ಯೆಯೂ ಒಟ್ಟು ಜನಸಂಖ್ಯೆಯೂ ಒಂದೇ ಅಲ್ಲ. 2020ರ ಒಟ್ಟು ನಿವಾಸಿಗಳು 33,14,49,281. ಹಂಚಿಕೆಯ ಸಂಖ್ಯೆ 33,11,08,434. ರಾಜಧಾನಿ ವಾಷಿಂಗ್ಟನ್ ಡಿ.ಸಿ. ರಾಜ್ಯವಲ್ಲ, ಅದನ್ನು ಕಳೆಯುತ್ತಾರೆ. ವಿದೇಶದಲ್ಲಿರುವ ಸೈನಿಕರು, ಕೇಂದ್ರ ಸರ್ಕಾರದ ನೌಕರರು ಮತ್ತು ಅವರ ಮನೆಯವರನ್ನು ಅವರವರ ರಾಜ್ಯಕ್ಕೆ ಕೂಡಿಸುತ್ತಾರೆ. ಹೀಗೆ ಕೂಡಿಸಬಹುದೆಂದು 1992ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ‘ಹಿಂದೆ ಕೂಡಿಸಿದ್ದಿರಲ್ಲ, ಈಗ ಕಳೆಯಬಹುದಲ್ಲ’ ಎಂಬ ವಾದಕ್ಕೆ ಆಧಾರವಾಗಿ ಬಳಸುವುದು ಈ ತೀರ್ಪನ್ನೇ.

ಸೀಟು ಬಿಟ್ಟರೆ ಬೇರೇನು?

ಹಣ. ಗಣತಿ ನಡೆಸುವ ಸಂಸ್ಥೆಯಾದ ಸೆನ್ಸಸ್ ಬ್ಯೂರೋ ಲೆಕ್ಕದ ಪ್ರಕಾರ 2021ರ ಹಣಕಾಸು ವರ್ಷದಲ್ಲಿ 353 ಕೇಂದ್ರ ಕಾರ್ಯಕ್ರಮಗಳು, 2.8 ಲಕ್ಷ ಕೋಟಿ ಡಾಲರಿಗೂ ಹೆಚ್ಚು ಹಣ, ಗಣತಿಯ ಅಂಕಿಅಂಶ ನೋಡಿ ಹಂಚಿಕೆಯಾದವು. ಬಡವರ ಆರೋಗ್ಯ ವಿಮೆ, ಹೆದ್ದಾರಿ, ಶಾಲೆಯ ಊಟ ಎಲ್ಲ ಇದರಲ್ಲಿ ಸೇರಿವೆ. ಊರಿನಲ್ಲಿ ಜನ ಇದ್ದೂ ಲೆಕ್ಕದಲ್ಲಿ ಇಲ್ಲದಿದ್ದರೆ ಆಸ್ಪತ್ರೆಯ ಸಾಲು ಉದ್ದವಾಗುತ್ತದೆ, ಹಣ ಮಾತ್ರ ಬರುವುದಿಲ್ಲ. ಆ ಸಾಲಿನಲ್ಲಿ ಪ್ರಜೆಗಳೂ ನಿಂತಿರುತ್ತಾರೆ.

ಮತ ಹಾಕದವರನ್ನು ಸೀಟಿನ ಲೆಕ್ಕಕ್ಕೆ ಸೇರಿಸುವುದು ನ್ಯಾಯವೇ?

ಬೇಡ ಎನ್ನುವವರ ವಾದವನ್ನು ಮೊದಲು ಸರಿಯಾಗಿ ಕೇಳಿಸಿಕೊಳ್ಳಬೇಕು. ದಾಖಲೆ ಇಲ್ಲದ ವಲಸಿಗರು ಕೆಲವು ರಾಜ್ಯಗಳಲ್ಲೇ ಹೆಚ್ಚು ಇದ್ದಾರೆ. ಅವರಿಂದಾಗಿ ಆ ರಾಜ್ಯಗಳಿಗೆ ಸೀಟು ಹೆಚ್ಚಿದರೆ, ವಲಸಿಗರು ಕಡಿಮೆ ಇರುವ ರಾಜ್ಯದ ಮತದಾರನ ಮತಕ್ಕೆ ತೂಕ ಕಡಿಮೆಯಾಗುತ್ತದೆ. ಕಾನೂನು ಮೀರಿ ಬಂದವರ ಲೆಕ್ಕದಿಂದ ರಾಜಕೀಯ ಬಲ ಬರಬಾರದು. ಅಲಬಾಮ ರಾಜ್ಯ 2018ರಲ್ಲಿ ಇದೇ ಕಾರಣ ಕೊಟ್ಟು ಕೋರ್ಟಿಗೆ ಹೋಗಿತ್ತು. ಈ ಅಸಮಾಧಾನಕ್ಕೆ ಆಧಾರವೇ ಇಲ್ಲ ಎನ್ನಲಾಗದು.

ಆದರೂ ನಮ್ಮ ಅಭಿಪ್ರಾಯ ಎಲ್ಲರನ್ನೂ ಎಣಿಸಬೇಕೆಂಬುದೇ. ಪ್ರತಿನಿಧಿ ಮತ ಹಾಕಿದವರಿಗೆ ಮಾತ್ರ ಪ್ರತಿನಿಧಿಯಲ್ಲ. ಮಕ್ಕಳಿಗೆ ಮತವಿಲ್ಲ, ಅವರನ್ನು ಎಣಿಸುತ್ತಾರೆ. 1920ರವರೆಗೆ ದೇಶದ ಬಹುಪಾಲು ಹೆಂಗಸರಿಗೆ ಮತವಿರಲಿಲ್ಲ, ಮೊದಲ ಗಣತಿಯಿಂದಲೂ ಅವರನ್ನು ಎಣಿಸಿದ್ದಾರೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾದು, ತೆರಿಗೆ ಕಟ್ಟಿ, ಅಲ್ಲೇ ಮಕ್ಕಳನ್ನು ಓದಿಸುವ ಕುಟುಂಬಕ್ಕೂ ಮತವಿಲ್ಲ. ರಾಜ್ಯದೊಳಗಿನ ಶಾಸನಸಭೆಯ ಕ್ಷೇತ್ರಗಳನ್ನು ಒಟ್ಟು ಜನಸಂಖ್ಯೆಯ ಮೇಲೆ ವಿಂಗಡಿಸಬಹುದೆಂದು 2016ರಲ್ಲಿ ಎವೆನ್‌ವೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭಿನ್ನಮತವೇ ಇರಲಿಲ್ಲ. ಮತದಾರರ ಲೆಕ್ಕದಲ್ಲಿ ವಿಂಗಡಿಸಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ನಿಯಮ ಬದಲಾಗಬೇಕು ಎನ್ನುವವರಿಗೆ ಸಂವಿಧಾನ ತಿದ್ದುಪಡಿಯ ದಾರಿ ತೆರೆದಿದೆ. ಅದು ಕಷ್ಟದ ದಾರಿ ಎಂಬ ಕಾರಣಕ್ಕೆ ಗಣತಿಯ ಫಾರಂ ಮೂಲಕ ಅದೇ ಕೆಲಸ ಮಾಡಹೊರಟರೆ ಎಣಿಕೆಯೇ ಕೆಡುತ್ತದೆ.

ಈ ಜಗಳ ಹೊಸದೇ?

ಅಲ್ಲ. 1920ರ ಗಣತಿಯಲ್ಲಿ ಹಳ್ಳಿಗಿಂತ ಪಟ್ಟಣದ ಜನ ಹೆಚ್ಚೆಂದು ಮೊದಲ ಸಲ ಕಂಡಿತು. ಪಟ್ಟಣಗಳು ತುಂಬಿದ್ದರಲ್ಲಿ ಯುರೋಪಿನ ವಲಸಿಗರ ಪಾಲು ದೊಡ್ಡದು. ಹಳ್ಳಿಗಾಡಿನ ಪ್ರತಿನಿಧಿಗಳು ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಆ ಹತ್ತು ವರ್ಷ ಮರುಹಂಚಿಕೆಯೇ ನಡೆಯಲಿಲ್ಲ. ಸಂವಿಧಾನ ಬಂದಮೇಲೆ ಹೀಗಾದದ್ದು ಅದೊಂದೇ ಸಲ. 1929ರಲ್ಲಿ ವಿದೇಶಿಯರನ್ನು ಲೆಕ್ಕದಿಂದ ಬಿಡುವ ಪ್ರಯತ್ನ ನಡೆದಾಗ, ಸಾಧಾರಣ ಕಾಯ್ದೆಯಿಂದ ಅದು ಆಗದು, ಸಂವಿಧಾನಕ್ಕೆ ವಿರುದ್ಧ ಎಂದು ಸೆನೆಟ್ಟಿನ ಕಾನೂನು ಸಲಹೆಗಾರರೇ ಬರೆದುಕೊಟ್ಟರು. 1980ರ ಗಣತಿಯ ಹೊತ್ತಿಗೂ, ಮತ್ತೆ 1980ರ ದಶಕದ ಕೊನೆಗೂ ಇದೇ ಬೇಡಿಕೆಯ ಮೊಕದ್ದಮೆಗಳು ಬಂದವು. ದಾವೆ ಹೂಡುವ ಅರ್ಹತೆ ಇಲ್ಲವೆಂದು ಎರಡೂ ಸಲ ವಜಾ ಆದವು.

ಪೌರತ್ವದ ಪ್ರಶ್ನೆ ಹಿಂದೆ ಇತ್ತಲ್ಲ? ಈಗೇಕೆ ಗಲಾಟೆ?

ಇತ್ತು, ಆದರೆ ಒಂದೇ ರೂಪದಲ್ಲಲ್ಲ. 1820 ಮತ್ತು 1830ರಲ್ಲಿ ಮನೆಯಲ್ಲಿ ಪೌರತ್ವ ಪಡೆಯದ ವಿದೇಶಿಯರು ಎಷ್ಟು ಜನ ಎಂದು ಕೇಳಿದ್ದರು. 1890ರಿಂದ 1950ರವರೆಗೆ ವಿದೇಶದಲ್ಲಿ ಹುಟ್ಟಿದವರ ಪೌರತ್ವದ ವಿಚಾರ ಬೇರೆ ಬೇರೆ ಬಗೆಯಲ್ಲಿ ಬಂದಿದೆ. 1970ರಿಂದ 2000ದವರೆಗೆ ಕೆಲವೇ ಮನೆಗಳಿಗೆ ಹೋಗುತ್ತಿದ್ದ ‘ಉದ್ದ ಫಾರಂ’ನಲ್ಲಿತ್ತು. 2000ದಲ್ಲಿ ಸುಮಾರು ಆರು ಮನೆಗೊಂದು ಆ ಫಾರಂ ಹೋಗಿತ್ತು. 2005ರಿಂದ ಅದು ‘ಅಮೆರಿಕನ್ ಕಮ್ಯುನಿಟಿ ಸರ್ವೆ’ಯಲ್ಲಿದೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಮಾದರಿ ಸಮೀಕ್ಷೆ ಇದು. ಪ್ರತಿ ಮನೆಗೂ ಹೋಗುವ ಮುಖ್ಯ ಫಾರಂನಲ್ಲಿ, ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆಯಾಗಿ, ಈಚಿನ ಏಳು ಗಣತಿಗಳಲ್ಲಿ ಇರಲಿಲ್ಲ.

2018–19ರಲ್ಲಿ ಆದದ್ದೇನು?

2018ರ ಮಾರ್ಚ್ 26ರಂದು ಸೆನ್ಸಸ್ ಬ್ಯೂರೋ ಇರುವ ವಾಣಿಜ್ಯ ಇಲಾಖೆಯ ಆಗಿನ ಕಾರ್ಯದರ್ಶಿ (ಸಚಿವ) ವಿಲ್ಬರ್ ರಾಸ್, 2020ರ ಫಾರಂಗೆ ಪೌರತ್ವದ ಪ್ರಶ್ನೆ ಸೇರಿಸುವುದಾಗಿ ಪ್ರಕಟಿಸಿದರು. ಅಲ್ಪಸಂಖ್ಯಾತರ ಮತದ ಹಕ್ಕು ಕಾಯುವ ಕಾಯ್ದೆಯ ಜಾರಿಗೆ ಈ ಮಾಹಿತಿ ಬೇಕು ಎಂಬುದು ಅವರು ಕೊಟ್ಟ ಕಾರಣ. ರಾಜ್ಯಗಳೂ ಸಂಘಟನೆಗಳೂ ಕೋರ್ಟಿಗೆ ಹೋದವು.

2019ರ ಮೇ ತಿಂಗಳಲ್ಲಿ, ತೀರಿಕೊಂಡಿದ್ದ ರಿಪಬ್ಲಿಕನ್ ಕ್ಷೇತ್ರ ವಿಂಗಡಣಾ ತಜ್ಞ ಥಾಮಸ್ ಹಾಫೆಲರ್ ಅವರ ಕಂಪ್ಯೂಟರ್ ಕಡತಗಳು ಹೊರಬಂದವು. ವಯಸ್ಕ ಪ್ರಜೆಗಳನ್ನು ಮಾತ್ರ ಲೆಕ್ಕ ಹಿಡಿದು ಕ್ಷೇತ್ರ ವಿಂಗಡಿಸಿದರೆ ರಿಪಬ್ಲಿಕನ್ನರಿಗೂ ಹಿಸ್ಪಾನಿಕರಲ್ಲದ (ಸ್ಪ್ಯಾನಿಷ್ ಭಾಷಿಕ ಮೂಲದವರಲ್ಲದ) ಬಿಳಿಯರಿಗೂ ಅನುಕೂಲ ಎಂದು 2015ರ ಅವರ ಅಧ್ಯಯನದಲ್ಲಿತ್ತು.

2019ರ ಜೂನ್ 27ರ ತೀರ್ಪನ್ನು ಹಲವರು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಪೌರತ್ವ ಕೇಳುವುದೇ ಸಂವಿಧಾನಬಾಹಿರ ಎಂದು ಕೋರ್ಟ್ ಹೇಳಲಿಲ್ಲ, ಕೇಳುವ ಅಧಿಕಾರ ಸರ್ಕಾರಕ್ಕೆ ಇದೆ ಎಂದೇ ಹೇಳಿತು. ಆದರೆ ಕೊಟ್ಟ ಕಾರಣ ನಿಜವಾದ ಕಾರಣವಲ್ಲ, ಕಟ್ಟಿದ ಕಾರಣ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಸೇರಿ ಐವರು ಕಂಡು ಪ್ರಶ್ನೆಯನ್ನು ತಡೆದರು. ಫಾರಂ ಅಚ್ಚಿಗೆ ಹೋಗುವ ಸಮಯ ಬಂದಿದ್ದರಿಂದ ಆ ಸಲಕ್ಕೆ ಅದು ಅಲ್ಲಿಗೆ ನಿಂತಿತು. ಮುಂದೆ ಬೇರೆ ಕಾರಣ, ಸರಿಯಾದ ಕಡತದೊಂದಿಗೆ ಮತ್ತೆ ತರಲು ಈ ತೀರ್ಪು ಅಡ್ಡಿಯಲ್ಲ.

ಒಂದು ಪ್ರಶ್ನೆ ಕೇಳಿದರೆ ನಷ್ಟವೇನು? ಬೇರೆ ದೇಶಗಳಲ್ಲೂ ಕೇಳುತ್ತಾರಲ್ಲ?

ಕೇಳುತ್ತಾರೆ. ಆಸ್ಟ್ರೇಲಿಯಾ ಎಲ್ಲರಿಗೂ ಕೇಳುತ್ತದೆ, ಕೆನಡಾ ಉದ್ದ ಫಾರಂನಲ್ಲಿ ಕೇಳುತ್ತದೆ. ಪ್ರಶ್ನೆಯಲ್ಲೇ ವಿಷವಿಲ್ಲ. ಯಾವ ಹೊತ್ತಿನಲ್ಲಿ, ಯಾವ ವಾತಾವರಣದಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಪ್ರಶ್ನೆ ಸೇರಿಸಿದರೆ ಪ್ರಜೆಗಳಲ್ಲದವರು ಇರುವ ಮನೆಗಳಲ್ಲಿ ತಾವಾಗಿ ಉತ್ತರಿಸುವವರ ಪ್ರಮಾಣ ಶೇ 5.8ರಷ್ಟು ಕುಸಿಯಬಹುದೆಂದು 2018ರಲ್ಲಿ ಬ್ಯೂರೋದ ತಜ್ಞರೇ ಅಂದಾಜಿಸಿದ್ದರು. 2019ರಲ್ಲಿ ಬ್ಯೂರೋ ಎರಡು ಬಗೆಯ ಫಾರಂ ಕಳಿಸಿ ಪರೀಕ್ಷೆ ಮಾಡಿತು. ಒಟ್ಟಾರೆ ಉತ್ತರದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ಪ್ರಜೆಗಳಲ್ಲದವರು, ಹಿಸ್ಪಾನಿಕರು ಹೆಚ್ಚಿರುವ ಕೆಲವು ಕಡೆ ಇಳಿಕೆ ಕಂಡಿತು. ಎರಡನ್ನೂ ಜೊತೆಗೇ ಹೇಳಬೇಕು. ದೇಶದ ಸರಾಸರಿ ಹಾಳಾಗದೆ ಇರಬಹುದು, ಒಂದೊಂದು ಬಡಾವಣೆಯ ಲೆಕ್ಕ ಹಾಳಾಗುತ್ತದೆ.

ಇನ್ನೊಂದು ಮುಖ್ಯ ವಿಷಯ ಚರ್ಚೆಯಲ್ಲಿ ಕಳೆದೇಹೋಗುತ್ತದೆ. ಕಮ್ಯುನಿಟಿ ಸರ್ವೆಯ ಫಾರಂನಲ್ಲಿ ಪೌರತ್ವದ ಪ್ರಶ್ನೆಗೆ ಐದು ಉತ್ತರಗಳಿವೆ: ಅಮೆರಿಕದಲ್ಲಿ ಹುಟ್ಟಿದವರು, ಅಮೆರಿಕದ ಅಧೀನದ ಪೋರ್ಟೊರಿಕೊ, ಗುವಾಮ್‌ನಂಥ ಕಡೆ ಹುಟ್ಟಿದವರು, ಅಮೆರಿಕನ್ ತಂದೆ ಅಥವಾ ತಾಯಿಗೆ ವಿದೇಶದಲ್ಲಿ ಹುಟ್ಟಿದವರು, ಅರ್ಜಿ ಹಾಕಿ ಪೌರತ್ವ ಪಡೆದವರು, ಪ್ರಜೆಯಲ್ಲದವರು. ವೀಸಾದ ಬಗ್ಗೆ ಒಂದು ಮಾತೂ ಇಲ್ಲ. ಎಚ್1ಬಿಯಲ್ಲಿರುವ ಎಂಜಿನಿಯರ್, ಗ್ರೀನ್ ಕಾರ್ಡ್ ಇರುವ ಅಜ್ಜಿ, ದಾಖಲೆ ಇಲ್ಲದ ಕೂಲಿ ಮೂವರೂ ಗುರುತು ಹಾಕುವುದು ಒಂದೇ ಚೌಕದಲ್ಲಿ. ಹಾಗಾಗಿ ‘ದಾಖಲೆ ಇಲ್ಲದವರು ಎಷ್ಟು ಜನ ಎಂದು ತಿಳಿಯಲು’ ಈ ಪ್ರಶ್ನೆಯಿಂದ ಆಗುವುದಿಲ್ಲ.

ದಾಖಲೆ ಇಲ್ಲದವರನ್ನು ಕಳೆಯಬೇಕೆಂದರೆ ಕಳೆಯುವುದು ಹೇಗೆ?

ಇಲ್ಲೇ ಎಲ್ಲ ಯೋಜನೆಗಳೂ ಸಿಕ್ಕಿಹಾಕಿಕೊಳ್ಳುವುದು. ಮಾದರಿ ಸಮೀಕ್ಷೆಯಿಂದ ‘ಈ ರಾಜ್ಯದಲ್ಲಿ ಸುಮಾರು ಇಷ್ಟು ಲಕ್ಷ’ ಎಂದು ಅಂದಾಜಿಸಿ ಕಳೆಯೋಣವೆಂದರೆ, ಸೀಟು ಹಂಚಿಕೆಗೆ ಮಾದರಿ ಅಂದಾಜು ಬಳಸಬಾರದೆಂದು 1999ರಲ್ಲೇ ಸುಪ್ರೀಂ ಕೋರ್ಟ್ ಜನಗಣತಿ ಕಾಯ್ದೆಯ ಆಧಾರದ ಮೇಲೆ ಹೇಳಿದೆ. ಉತ್ತರ ಸಿಗದ ಮನೆಗಳಿಗೆ ಪಕ್ಕದ ಮನೆಯ ವಿವರ ನೋಡಿ ತುಂಬುವುದನ್ನು 2002ರಲ್ಲಿ ಒಪ್ಪಿತು, ಆದರೆ ಅದು ಇಡೀ ಜನವರ್ಗವನ್ನೇ ಅಂದಾಜಿಸುವ ಕೆಲಸವಲ್ಲ.

ಹಾಗಾದರೆ ಒಬ್ಬೊಬ್ಬರನ್ನೇ ಗುರುತಿಸಿ ಕಳೆಯಬೇಕು. ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ಕಡತ, ತೆರಿಗೆ ಕಡತ, ವಲಸೆ ಇಲಾಖೆಯ ಕಡತಗಳನ್ನು ಗಣತಿಯ ಹೆಸರು-ವಿಳಾಸದೊಂದಿಗೆ ತಾಳೆ ಹಾಕಬೇಕು. ಸಮಸ್ಯೆ ಏನೆಂದರೆ, ದಾಖಲೆ ಇಲ್ಲದವರು ಎಂದರೆ ಅವರ ಸ್ಥಿತಿ ತಿಳಿಸುವ ದಾಖಲೆಯೇ ಇಲ್ಲ. ಗಡಿ ದಾಟಿ ಬಂದವರ ಹೆಸರು ಯಾವ ಕಡತದಲ್ಲೂ ಇರದಿರಬಹುದು. ವೀಸಾ ಅವಧಿ ಮುಗಿದವರು ದೇಶ ಬಿಟ್ಟಿದ್ದಾರೋ ಇಲ್ಲವೋ ಗೊತ್ತಿರುವುದಿಲ್ಲ. ಇನ್ನು ನಮ್ಮವರ ಹೆಸರಿನ ವಿಷಯಕ್ಕೆ ಬಂದರೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ಫಾರಂನಲ್ಲಿ ಊರಿನ ಹೆಸರು ಮೊದಲಿಗೆ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಇಂಥ ಹೆಸರು ತಾಳೆಯಾಗದೆ ಉಳಿದರೆ ಕಾನೂನು ಪ್ರಕಾರ ಇರುವವರೂ ‘ಗುರುತಾಗದವರ’ ಪಟ್ಟಿಗೆ ಬೀಳುತ್ತಾರೆ. ಇದು ಊಹೆಯ ತೊಂದರೆಯಲ್ಲ, ಕಡತ ತಾಳೆ ಹಾಕುವ ಯಾವ ಕೆಲಸದಲ್ಲೂ ಎದುರಾಗುವಂಥದ್ದು.

ಕಳೆಯುವ ಪ್ರಯತ್ನ ನಿಜಕ್ಕೂ ನಡೆದಿತ್ತೇ? ಈಗ ಎಲ್ಲಿಗೆ ಬಂದಿದೆ?

2020ರ ಜುಲೈ 21ರಂದು ಅಧ್ಯಕ್ಷ ಟ್ರಂಪ್, ದಾಖಲೆ ಇಲ್ಲದವರನ್ನು ಸೀಟು ಹಂಚಿಕೆಯ ಲೆಕ್ಕದಿಂದ ಬಿಡಬೇಕೆಂದು ಆದೇಶಿಸಿದರು. ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ 6–3ರಲ್ಲಿ, ಈ ತಕರಾರನ್ನು ತೀರ್ಮಾನಿಸುವ ಕಾಲ ಇನ್ನೂ ಬಂದಿಲ್ಲ ಎಂದು ಬಿಟ್ಟುಬಿಟ್ಟಿತು. ಆದೇಶ ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಅಷ್ಟರಲ್ಲಿ ಕೋವಿಡ್‌ನಿಂದ ಗಣತಿಯೇ ತಡವಾಗಿತ್ತು. 2021ರ ಜನವರಿ 20ರಂದು ಬೈಡನ್ ಆ ಆದೇಶ ರದ್ದುಮಾಡಿದರು. ಏಪ್ರಿಲ್ 26ರಂದು ಎಲ್ಲರನ್ನೂ ಸೇರಿಸಿದ ಅಂಕಿ ಪ್ರಕಟವಾಯಿತು.

2024ರ ಮೇ 8ರಂದು ಕೆಳಮನೆ 206–202 ಮತಗಳಿಂದ ಒಂದು ಮಸೂದೆ ಅಂಗೀಕರಿಸಿತು. ಅದು ಇನ್ನೂ ಮುಂದೆ ಹೋಗಿ, ಗ್ರೀನ್ ಕಾರ್ಡ್ ಮತ್ತು ಎಚ್1ಬಿಯವರೂ ಸೇರಿದಂತೆ ಪ್ರಜೆಗಳಲ್ಲದ ಎಲ್ಲರನ್ನೂ ಹಂಚಿಕೆಯಿಂದ ಬಿಡಬೇಕೆಂದಿತ್ತು. ಸೆನೆಟ್ಟಿನಲ್ಲಿ ಅದು ಅಂಗೀಕಾರವಾಗಲಿಲ್ಲ. 2025ರ ಜನವರಿ 20ರಂದು ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ದಿನವೇ ಬೈಡನ್ ಆದೇಶ ರದ್ದಾಯಿತು. ಆಗಸ್ಟ್ 7ರಂದು, ಹೊಸ ಜನಗಣತಿಯ ಕೆಲಸ ಶುರುಮಾಡಲು ವಾಣಿಜ್ಯ ಇಲಾಖೆಗೆ ಸೂಚಿಸಿರುವುದಾಗಿಯೂ, ಅಕ್ರಮವಾಗಿ ಇರುವವರನ್ನು ಎಣಿಸುವುದಿಲ್ಲವೆಂದೂ ಅವರು ಸಾಮಾಜಿಕ ಜಾಲತಾಣದಲ್ಲಿ ಬರೆದರು.

ನಡು ದಶಕದ ಗಣತಿಗೆ ಕಾಯ್ದೆಯಲ್ಲಿ ಅವಕಾಶ ಇದೆ, ಈವರೆಗೆ ಯಾರೂ ನಡೆಸಿಲ್ಲ. ಆದರೆ ಹಾಗೆ ನಡೆಸಿದ ಗಣತಿಯ ಅಂಕಿಯನ್ನು ಕೆಳಮನೆಯ ಸೀಟು ಹಂಚಲು ಬಳಸಬಾರದೆಂದು ಅದೇ ಕಾಯ್ದೆಯ ಅದೇ ಸೆಕ್ಷನ್‌ನಲ್ಲಿ ಬರೆದಿದೆ.

ಕಳೆದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಡೆಮಾಕ್ರಟಿಕ್ ರಾಜ್ಯಗಳಿಗೆ ಮಾತ್ರ ನಷ್ಟ ಎಂಬ ನಂಬಿಕೆ ಸರಿಯಲ್ಲ. 2020ರ ಗಣತಿಗೆ ಮುಂಚೆ ಪ್ಯೂ ಸಂಶೋಧನಾ ಕೇಂದ್ರ ಮಾಡಿದ ಲೆಕ್ಕದಲ್ಲಿ ದಾಖಲೆ ಇಲ್ಲದವರನ್ನು ಕಳೆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ಫ್ಲಾರಿಡಾ ತಲಾ ಒಂದು ಸೀಟು ಕಡಿಮೆ ಪಡೆಯುತ್ತಿದ್ದವು, ಅಲಬಾಮ, ಮಿನೆಸೋಟ, ಒಹಾಯೊ ತಲಾ ಒಂದು ಉಳಿಸಿಕೊಳ್ಳುತ್ತಿದ್ದವು. ಎರಡೂ ಕಡೆ ಎರಡೂ ಪಕ್ಷದ ರಾಜ್ಯಗಳಿವೆ.

2020ರ ಎಣಿಕೆ ಎಷ್ಟು ಸರಿಯಿತ್ತು?

ಗಣತಿ ಮುಗಿದ ಮೇಲೆ ಬ್ಯೂರೋ ಬೇರೆಯದೇ ಸಮೀಕ್ಷೆ ಮಾಡಿ ತನ್ನ ತಪ್ಪು ತಾನೇ ಅಳೆಯುತ್ತದೆ. ಅದರ ಪ್ರಕಾರ ಹಿಸ್ಪಾನಿಕರು ಶೇ 4.99ರಷ್ಟು ಕಡಿಮೆ ಎಣಿಕೆಯಾದರು, ಕಪ್ಪು ಜನರು ಶೇ 3.30ರಷ್ಟು, ಮೀಸಲು ಪ್ರದೇಶದ ಮೂಲನಿವಾಸಿಗಳು ಶೇ 5.64ರಷ್ಟು ಕಡಿಮೆ. ಹಿಸ್ಪಾನಿಕರಲ್ಲದ ಬಿಳಿಯರು ಶೇ 1.64ರಷ್ಟು, ಏಷ್ಯನ್ನರು ಶೇ 2.62ರಷ್ಟು ಹೆಚ್ಚು ಎಣಿಕೆಯಾದರು. ರಾಜ್ಯಗಳ ಪೈಕಿ ಫ್ಲಾರಿಡಾದಲ್ಲಿ ಶೇ 3.48, ಟೆಕ್ಸಸ್‌ನಲ್ಲಿ ಶೇ 1.92 ಕಡಿಮೆ, ಮಿನೆಸೋಟದಲ್ಲಿ ಶೇ 3.84, ನ್ಯೂಯಾರ್ಕ್‌ನಲ್ಲಿ ಶೇ 3.44 ಹೆಚ್ಚು. ಮೇಲಿನ 89 ಜನರ ಅಂತರವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಕಡಿಮೆ ಎಣಿಕೆಗೆ ಮುಖ್ಯ ಕಾರಣ ಪೂರ್ತಿ ಮನೆ ತಪ್ಪುವುದಷ್ಟೇ ಅಲ್ಲ, ಎಣಿಕೆಯಾದ ಮನೆಯಲ್ಲೇ ಒಬ್ಬಿಬ್ಬರು ತಪ್ಪುವುದು. ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದ ರೂಮ್‌ಮೇಟ್, ಕೆಲಸ ಸಿಗುವವರೆಗೆ ಉಳಿದುಕೊಂಡ ನೆಂಟ, ಐದು ವರ್ಷದೊಳಗಿನ ಮಗು. ಇವರೇ ಹೆಚ್ಚಾಗಿ ಬಿಟ್ಟುಹೋಗುವವರು.

ಕೊಟ್ಟ ಮಾಹಿತಿ ವಲಸೆ ಇಲಾಖೆಗೆ ಹೋಗುತ್ತದೆಯೇ?

ಕಾನೂನಿನ ಪ್ರಕಾರ ಹೋಗುವಂತಿಲ್ಲ. ಜನಗಣತಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಒಬ್ಬ ವ್ಯಕ್ತಿಯ ಉತ್ತರವನ್ನು ಪೊಲೀಸರಿಗೆ, ತೆರಿಗೆ ಇಲಾಖೆಗೆ, ವಲಸೆ ಇಲಾಖೆಗೆ, ಮನೆ ಮಾಲೀಕರಿಗೆ ಕೊಡುವಂತಿಲ್ಲ. ಕೊಟ್ಟ ನೌಕರನಿಗೆ 5 ವರ್ಷದವರೆಗೆ ಜೈಲು, 2.5 ಲಕ್ಷ ಡಾಲರ್‌ವರೆಗೆ ದಂಡ. ಹೆಸರಿರುವ ಕಡತಗಳು 72 ವರ್ಷದ ನಂತರವೇ ಬಯಲಿಗೆ. 1950ರ ಕಡತ ತೆರೆದದ್ದು 2022ರ ಏಪ್ರಿಲ್ 1ರಂದು.

ಆದರೆ ಹಿಂದೆ ಏನಾಗಿದೆ ಎಂಬುದನ್ನು ಮುಚ್ಚಿಡಬಾರದು. 1942ರಲ್ಲಿ ಯುದ್ಧಕಾಲದ ಕಾಯ್ದೆಯೊಂದು ಈ ಗೌಪ್ಯತೆಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಜಪಾನಿ ಮೂಲದವರು ಯಾವ ಬೀದಿಯಲ್ಲಿ ಎಷ್ಟಿದ್ದಾರೆ ಎಂಬ ಗಣತಿಯ ಅಂಕಿಗಳು ಅವರನ್ನು ಶಿಬಿರಗಳಿಗೆ ಸಾಗಿಸಲು ಬಳಕೆಯಾದವು. 1943ರಲ್ಲಿ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಜಪಾನಿ ಮೂಲದವರ ಹೆಸರುಗಳನ್ನೇ ಬ್ಯೂರೋ ಕೊಟ್ಟಿತ್ತೆಂದು ಸಂಶೋಧಕರು 2007ರಲ್ಲಿ ತೋರಿಸಿದರು. 2000ದಲ್ಲಿ ಆಗಿನ ನಿರ್ದೇಶಕ ಕೆನೆತ್ ಪ್ರೆವಿಟ್ ಬ್ಯೂರೋದ ಪರವಾಗಿ ಕ್ಷಮೆ ಕೇಳಿದ್ದರು. ಇವತ್ತಿನ ಕಾಯ್ದೆ ಗಟ್ಟಿಯಾಗಿದೆ. ಜನ ಹೆದರುವುದಕ್ಕೂ ಕಾರಣ ಇದೆ. ಹೆದರಿದವರನ್ನು ದಡ್ಡರೆಂದು ಬೈದರೆ ಅವರು ಬಾಗಿಲು ತೆರೆಯುವುದಿಲ್ಲ.

ನಾನು ಎಚ್1ಬಿಯಲ್ಲಿದ್ದೇನೆ. ನನ್ನನ್ನು ಎಣಿಸಬೇಕೇ? ಬಂದಿರುವ ಅಪ್ಪ-ಅಮ್ಮನನ್ನು?

ನಿಯಮ ಒಂದೇ: ಏಪ್ರಿಲ್ 1ಕ್ಕೆ ನೀವು ಹೆಚ್ಚಾಗಿ ಎಲ್ಲಿ ಇದ್ದು ಮಲಗುತ್ತೀರೋ ಅಲ್ಲಿ ಎಣಿಕೆ. ವೀಸಾ ಯಾವುದು ಎಂಬುದು ಲೆಕ್ಕಕ್ಕಿಲ್ಲ.

ಎಚ್1ಬಿ, ಎಲ್1, ಎಚ್4, ಗ್ರೀನ್ ಕಾರ್ಡ್: ಅಲ್ಲಿನ ಮನೆಯಲ್ಲಿ ಎಣಿಸಬೇಕು. ಏಪ್ರಿಲ್ 1ರಂದು ಮದುವೆಗೆಂದು ಮೈಸೂರಿಗೆ ಬಂದಿದ್ದರೂ ಅಷ್ಟೇ. ಎಫ್1 ವಿದ್ಯಾರ್ಥಿಗಳಲ್ಲಿ ಹಾಸ್ಟೆಲಿನವರ ಲೆಕ್ಕ ವಿಶ್ವವಿದ್ಯಾಲಯದ ಮೂಲಕ ಆಗುತ್ತದೆ, ಹೊರಗೆ ಬಾಡಿಗೆ ಮನೆಯಲ್ಲಿರುವವರು ತಾವೇ ತುಂಬಬೇಕು. ಮಗಳ ಬಾಣಂತನಕ್ಕೆ ಬಿ2 ವೀಸಾದಲ್ಲಿ ಬಂದಿರುವ ಅಪ್ಪ-ಅಮ್ಮ ಪ್ರವಾಸಿಗಳು, ಅವರನ್ನು ಸೇರಿಸಬಾರದು. ಏಪ್ರಿಲ್ 1ರಂದು ಹುಟ್ಟಿ ಇನ್ನೂ ಆಸ್ಪತ್ರೆಯಲ್ಲಿರುವ ಮಗುವನ್ನು ಸೇರಿಸಬೇಕು, 2ರಂದು ಹುಟ್ಟಿದ್ದನ್ನು ಸೇರಿಸಬಾರದು.

ಒಂದು ವಿಳಾಸಕ್ಕೆ ಒಂದೇ ಫಾರಂ. ನಾಲ್ವರು ಗೆಳೆಯರು ಒಂದು ಅಪಾರ್ಟ್‌ಮೆಂಟಿನಲ್ಲಿದ್ದರೆ ಒಬ್ಬರು ನಾಲ್ವರ ವಿವರವನ್ನೂ ತುಂಬಬೇಕು. ಪ್ರತಿಯೊಬ್ಬರೂ ‘ಇನ್ನೊಬ್ಬ ತುಂಬಿರುತ್ತಾನೆ’ ಎಂದುಕೊಂಡರೆ ಮನೆಯೇ ತಪ್ಪುತ್ತದೆ. 2020ರ ಕಾಗದದ ಫಾರಂನಲ್ಲಿ 6 ಜನರ ಪೂರ್ತಿ ವಿವರಕ್ಕೆ ಮಾತ್ರ ಜಾಗವಿತ್ತು. ದೊಡ್ಡ ಕುಟುಂಬಕ್ಕೆ ಆನ್‌ಲೈನ್ ಅಥವಾ ಫೋನ್ ಒಳ್ಳೆಯದು. ಫೋನ್ ಮತ್ತು ಆನ್‌ಲೈನ್ ಸೇವೆ ಆಗ ಇಂಗ್ಲಿಷ್ ಅಲ್ಲದೆ 12 ಭಾಷೆಗಳಲ್ಲಿತ್ತು, ಅವುಗಳಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಇಂಗ್ಲಿಷ್ ಬಾರದ ಹಿರಿಯರಿಗೆ ಮನೆಯವರೋ ನೆರೆಯವರೋ ಕೂತು ಸಹಾಯ ಮಾಡಬೇಕು.

ಬಾಗಿಲಿಗೆ ಬಂದ ಗಣತಿದಾರರು ಸೋಷಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ, ಯಾವ ಪಕ್ಷ ಎಂಬುದು ಯಾವುದನ್ನೂ ಕೇಳುವುದಿಲ್ಲ. ಕೇಳಿದರೆ ಅವರು ಗಣತಿದಾರರಲ್ಲ. ಮುಂದಿನ ಸಲ ಪೌರತ್ವದ ಪ್ರಶ್ನೆ ಬಂದರೆ ಸುಳ್ಳು ಉತ್ತರ ಮಾತ್ರ ಬೇಡ, ಅದು ಅಪರಾಧ.

ನಾವು ಯಾವ ‘ಜನಾಂಗ’ದ ಚೌಕದಲ್ಲಿ ಗುರುತು ಹಾಕಬೇಕು?

2020ರ ಫಾರಂನಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಚೌಕ ಇತ್ತು. ಬರೀ ‘ಇಂಡಿಯನ್’ ಎಂದು ನೋಡಿ ‘ಅಮೆರಿಕನ್ ಇಂಡಿಯನ್’ ಚೌಕಕ್ಕೆ ಗುರುತು ಹಾಕಿದರೆ ನೀವು ಮೂಲನಿವಾಸಿಗಳ ಲೆಕ್ಕಕ್ಕೆ ಹೋಗುತ್ತೀರಿ. ‘ಏಷ್ಯನ್ ಇಂಡಿಯನ್’ ಚೌಕ ಬಂದದ್ದು 1980ರಲ್ಲಿ. 1920, 1930, 1940ರ ಗಣತಿಗಳಲ್ಲಿ ಭಾರತದಿಂದ ಬಂದವರನ್ನು, ಸಿಖ್ಖರೂ ಮುಸ್ಲಿಮರೂ ಸೇರಿದಂತೆ, ‘ಹಿಂದೂ’ ಎಂಬ ಜನಾಂಗವಾಗಿ ಬರೆದುಕೊಂಡಿದ್ದರು. 1970ರಲ್ಲಿ ಬಿಳಿಯರ ಜೊತೆ ಸೇರಿಸಿದ್ದರು. 2020ರಲ್ಲಿ ಏಷ್ಯನ್ ಇಂಡಿಯನ್ ಎಂದು ಮಾತ್ರ ಗುರುತಿಸಿಕೊಂಡವರು ಸುಮಾರು 44 ಲಕ್ಷ. ಮನೆಯಲ್ಲಿ ಕನ್ನಡ ಆಡುತ್ತೀರಿ ಎಂದು ಹೇಳಲು ಮುಖ್ಯ ಫಾರಂನಲ್ಲಿ ಜಾಗವಿಲ್ಲ. ಅದು ಕಮ್ಯುನಿಟಿ ಸರ್ವೆಯಲ್ಲಿದೆ. ಆ ಫಾರಂ ನಿಮ್ಮ ಮನೆಗೆ ಬಂದರೆ ದಯವಿಟ್ಟು ಎಸೆಯಬೇಡಿ, ‘ಇಂಡಿಯನ್’ ಎಂದಲ್ಲ, ‘ಕನ್ನಡ’ ಎಂದೇ ಬರೆಯಿರಿ.

ಭಾರತದಲ್ಲಿ ಹೇಗೆ?

ನಮ್ಮ ಸಂವಿಧಾನದ 81ನೇ ವಿಧಿಯಲ್ಲೂ ಲೋಕಸಭೆ ಸೀಟು ಹಂಚಿಕೆಗೆ ಇರುವುದು ‘ಜನಸಂಖ್ಯೆ’, ಮತದಾರರ ಸಂಖ್ಯೆಯಲ್ಲ. ಕರ್ನಾಟಕದ 28 ಸೀಟು 1971ರ ಗಣತಿಯ ಲೆಕ್ಕದ್ದು. 1976ರ 42ನೇ ತಿದ್ದುಪಡಿ ಮತ್ತು 2001ರ 84ನೇ ತಿದ್ದುಪಡಿ ಅದನ್ನು ತಡೆಹಿಡಿದವು. ನಮ್ಮಲ್ಲಿ ತಕರಾರು ದಕ್ಷಿಣ-ಉತ್ತರದ್ದು, ವಲಸಿಗರದ್ದಲ್ಲ. ಜನಗಣತಿ ನಡೆಯುವುದು 1948ರ ಜನಗಣತಿ ಕಾಯ್ದೆಯಡಿ. ಅದರ 15ನೇ ಸೆಕ್ಷನ್ ಪ್ರಕಾರ ಗಣತಿಯ ದಾಖಲೆಯನ್ನು ಬೇರೆಯವರು ನೋಡುವಂತಿಲ್ಲ. ಎನ್‌ಪಿಆರ್ (ರಾಷ್ಟ್ರೀಯ ಜನಸಂಖ್ಯಾ ನೋಂದಣಿ), ಎನ್‌ಆರ್‌ಸಿ (ರಾಷ್ಟ್ರೀಯ ಪೌರ ನೋಂದಣಿ) ಪೌರತ್ವ ಕಾಯ್ದೆಗೆ ಸೇರಿದವು. ಇವೆರಡನ್ನು ಜನಗಣತಿಯ ಜೊತೆ ಕಲಸಬೇಡಿ. ಆದರೆ ಬ್ರಿಟನ್‌ನಲ್ಲಿ ಕ್ಷೇತ್ರ ವಿಂಗಡಣೆ ನೋಂದಾಯಿತ ಮತದಾರರ ಲೆಕ್ಕದಲ್ಲಿ ನಡೆಯುತ್ತದೆ.

2030ರ ಗಣತಿಯಲ್ಲಿ ಏನಿರುತ್ತದೆಂದು ಯಾವಾಗ ಗೊತ್ತಾಗುತ್ತದೆ?

ಎರಡು ತಾರೀಖು ಗಮನದಲ್ಲಿಡಿ. ಯಾವ ಯಾವ ವಿಷಯ ಕೇಳುತ್ತಾರೆಂದು ಬ್ಯೂರೋ ಕಾಂಗ್ರೆಸ್ಸಿಗೆ ತಿಳಿಸಬೇಕಾದದ್ದು ಗಣತಿಗೆ ಮೂರು ವರ್ಷ ಮುಂಚೆ, ಅಂದರೆ 2027ರ ಏಪ್ರಿಲ್ 1ರೊಳಗೆ. ಪ್ರಶ್ನೆಗಳ ಪದಗಳು ಎರಡು ವರ್ಷ ಮುಂಚೆ, 2028ರ ಏಪ್ರಿಲ್ 1ರೊಳಗೆ. ಪೌರತ್ವ ಆ ಪಟ್ಟಿಯಲ್ಲಿದ್ದರೆ ಮೊಕದ್ದಮೆಗಳು ಅಲ್ಲಿಂದ ಶುರುವಾಗುತ್ತವೆ. ಗಣತಿಯ ದಿನ 2030ರ ಏಪ್ರಿಲ್ 1. ರಾಜ್ಯವಾರು ಅಂಕಿ ಆ ವರ್ಷದ ಡಿಸೆಂಬರ್ 31ರೊಳಗೆ ಅಧ್ಯಕ್ಷರ ಕೈ ಸೇರಬೇಕು. ಕ್ಷೇತ್ರ ವಿಂಗಡಣೆಗೆ ಬೇಕಾದ ಬೀದಿ ಮಟ್ಟದ ವಿವರ 2031ರ ಏಪ್ರಿಲ್ 1ರೊಳಗೆ ರಾಜ್ಯಗಳಿಗೆ ಹೋಗಬೇಕು.